ಮಾತ್ರೆ ಒಂದು, ಔಷಧ ಮೂರು: ಸ್ನಾಯು ಸಡಿಲಿಸುವ ನೋವು ನಿವಾರಕಗಳ ಸುರಕ್ಷಿತ ಬಳಕೆ



ಸೊಂಟ ಹಿಡಿಯುವುದು, ಕತ್ತು ಉಳುಕುವುದು, ಬೆನ್ನು ಸೆಟೆದುಕೊಳ್ಳುವುದು ನಮ್ಮಲ್ಲಿ ಯಾರಿಗೂ ಹೊಸ ಅನುಭವವಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣಿಸುವವರು, ಹೋಟೆಲಿನ ಒಲೆಯ ಮುಂದೆ ದಿನವಿಡೀ ದುಡಿಯುವವರು, ಕಚೇರಿಯ ಕುರ್ಚಿಯಲ್ಲಿ ಬಾಗಿ ಕುಳಿತು ಬರೆಯುವವರು, ನೀರಿನ ಕೊಡ ಹೊತ್ತು ಮಹಡಿ ಹತ್ತುವ ಗೃಹಿಣಿಯರು ಎಲ್ಲರೂ ಈ ನೋವನ್ನು ಬಲ್ಲರು. ನೋವು ಬಂದಾಗ ಔಷಧದಂಗಡಿಗೆ ಹೋಗಿ, ‘ಸೊಂಟನೋವಿಗೆ ಒಂದು ಒಳ್ಳೆಯ ಮಾತ್ರೆ ಕೊಡಿ’ ಎಂದು ಕೇಳುವುದು ವಾಡಿಕೆಯಾಗಿದೆ. ಹೀಗೆ ಕೈಗೆ ಬರುವ ಮಾತ್ರೆ ಬಹುಪಾಲು ಸಂಯುಕ್ತ ಔಷಧವಾಗಿರುತ್ತದೆ. ಅದರ ಒಳಗೇನಿದೆ ಎಂಬುದನ್ನು ತಿಳಿದು ಸೇವಿಸಿದರೆ ಅದು ಉಪಕಾರಿ; ತಿಳಿಯದೆ ಸೇವಿಸಿದರೆ ಅಪಾಯಕಾರಿ. ಇಂದಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ.

ಇಂತಹ ಒಂದು ಮಾತ್ರೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಸ್ನಾಯುಗಳ ಬಿಗಿತವನ್ನು ಸಡಿಲಿಸುವ ಕ್ಲೋರ್‌ಜಾಕ್ಸಜೋನ್ 250 ಮಿಲಿಗ್ರಾಂ, ಉರಿಯೂತ ಮತ್ತು ನೋವನ್ನು ತಗ್ಗಿಸುವ ಡೈಕ್ಲೋಫೆನಾಕ್ 50 ಮಿಲಿಗ್ರಾಂ, ನೋವು ಹಾಗೂ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತವೆ. ಕೆಲವು ಮಾತ್ರೆಗಳಲ್ಲಿ ಡೈಕ್ಲೋಫೆನಾಕ್‌ನ ಸ್ಥಾನದಲ್ಲಿ ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಇರಬಹುದು. ಮತ್ತೆ ಕೆಲವದರಲ್ಲಿ ಕ್ಲೋರ್‌ಜಾಕ್ಸಜೋನ್ ಬದಲು ಥಯೋಕಾಲ್ಚಿಕೋಸೈಡ್ ಇರಬಹುದು. ಹೆಸರು ಒಂದೇ, ನುಂಗುವುದೂ ಒಂದೇ ಸಲ. ಆದರೆ ದೇಹವನ್ನು ಸೇರುವುದು ಎರಡೋ ಮೂರೋ ಔಷಧಗಳು. ಪ್ರತಿಯೊಂದಕ್ಕೂ ಅದರದೇ ಗುಣವುಂಟು, ಅದರದೇ ದೋಷವುಂಟು.

ಮೊದಲು ಸ್ನಾಯು ಸಡಿಲಿಸುವ ಔಷಧದ ವಿಚಾರ. ಇದು ನೇರವಾಗಿ ಹಿಡಿದುಕೊಂಡ ಸ್ನಾಯುವಿಗೆ ಹೋಗಿ ಅದನ್ನು ಬಿಡಿಸುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಕ್ಲೋರ್‌ಜಾಕ್ಸಜೋನ್ ಮಿದುಳು ಮತ್ತು ಬೆನ್ನುಹುರಿಯ ಮೇಲೆ ವರ್ತಿಸಿ, ಸ್ನಾಯುಗಳಿಗೆ ಬಿಗಿಯಾಗುವಂತೆ ಹೋಗುವ ನರಸಂದೇಶಗಳನ್ನು ತಗ್ಗಿಸುತ್ತದೆ. ಮಿದುಳನ್ನು ಮುಟ್ಟುವ ಔಷಧವಾದುದರಿಂದಲೇ ತೂಕಡಿಕೆ, ತಲೆ ಹಗುರಾದಂತಾಗುವುದು, ತಲೆಸುತ್ತು ಇದರಿಂದ ಬರುತ್ತವೆ. ಆದ್ದರಿಂದ ಈ ಮಾತ್ರೆ ತೆಗೆದುಕೊಂಡ ಮೇಲೆ ಸ್ಕೂಟರ್, ಕಾರು, ಟ್ಯಾಕ್ಸಿ ಓಡಿಸಬಾರದು. ಯಂತ್ರದ ಮುಂದೆ ನಿಂತು ಕೆಲಸ ಮಾಡಬಾರದು. ಚಲಿಸುವ ರೈಲಿನ ಬಾಗಿಲ ಬಳಿ ನಿಲ್ಲುವ ಸಾಹಸವನ್ನಂತೂ ಮಾಡಲೇಬಾರದು. ಮದ್ಯಪಾನ ಮಾಡಿದವರಲ್ಲಿ ಈ ಮಂಪರು ಇಮ್ಮಡಿಸುತ್ತದೆ. ನಿದ್ರೆ ಮಾತ್ರೆಗಳೂ, ನೆಗಡಿಗೆ ಕೊಡುವ ಮಂಪರು ತರಿಸುವ ಮಾತ್ರೆಗಳೂ ಇದರ ಜೊತೆ ಸೇರಿದರೆ ಪರಿಣಾಮ ಅದೇ. ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವೂ ಉಂಟು. ಸೊಂಟನೋವಿಗೆಂದು ತೆಗೆದುಕೊಂಡ ಮಾತ್ರೆಯೇ ಸೊಂಟ ಮುರಿಯಲು ಕಾರಣವಾಗಬಾರದಷ್ಟೆ.

ಎರಡನೆಯದು ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಮೊದಲಾದ ನೋವು ನಿವಾರಕಗಳ ಗುಂಪು. ಆಸ್ಪಿರಿನ್ ಜಾತಿಯ ಔಷಧಗಳು ದೇಹದಲ್ಲಿ ಪ್ರಾಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ಉತ್ಪಾದನೆಯನ್ನು ತಡೆಯುವುದರ ಮೂಲಕ ನೋವನ್ನು ಕಡಿಮೆ ಮಾಡುತ್ತವೆಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ಪ್ರಾಸ್ಟಾಗ್ಲಾಂಡಿನ್‌ಗಳ ಅಧ್ಯಯನಕ್ಕಾಗಿ 1982ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಸಂಶೋಧನೆಯಲ್ಲಿಯೇ ಈ ಔಷಧಗಳ ಅಪಾಯದ ಗುಟ್ಟೂ ಅಡಗಿದೆ. ಏಕೆಂದರೆ ನೋವನ್ನುಂಟುಮಾಡುವ ಈ ರಾಸಾಯನಿಕಗಳೇ ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುತ್ತವೆ, ಮೂತ್ರಪಿಂಡಗಳಿಗೆ ರಕ್ತ ಸರಾಗವಾಗಿ ಹರಿಯಲು ನೆರವಾಗುತ್ತವೆ. ನೋವಿನ ಜೊತೆಗೆ ಆ ರಕ್ಷಣೆಯೂ ತಗ್ಗುತ್ತದೆ. ಹೀಗಾಗಿ ಹೊಟ್ಟೆಯಲ್ಲಿ ಹುಣ್ಣು, ಅದರಿಂದ ರಕ್ತಸ್ರಾವ, ಮೂತ್ರಪಿಂಡದ ದುರ್ಬಲತೆ ಉಂಟಾಗಬಹುದು. ಹೆಚ್ಚು ಪ್ರಮಾಣದಲ್ಲಿ, ದೀರ್ಘಕಾಲ ಸೇವಿಸಿದರೆ ರಕ್ತದೊತ್ತಡ ಏರಬಹುದು. ಹೃದಯಾಘಾತ, ಪಾರ್ಶ್ವವಾಯುಗಳ ಸಂಭವವೂ ಹೆಚ್ಚುತ್ತದೆ.

ಮೂರನೆಯದು ಪ್ಯಾರಾಸಿಟಮಾಲ್. ಮೂರರಲ್ಲಿ ಇದು ಅತ್ಯಂತ ಸೌಮ್ಯವಾದದ್ದೆಂದು ಪ್ರಸಿದ್ಧಿ. ಮಿತಿಯೊಳಗೆ ಬಳಸಿದಾಗ ಆ ಮಾತು ನಿಜವೂ ಹೌದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4000 ಮಿಲಿಗ್ರಾಂ ಮೇರೆ. ಮದ್ಯಪಾನಿಗಳಿಗೆ, ಯಕೃತ್ತಿನ ರೋಗವಿರುವವರಿಗೆ, ಕೃಶರಾದವರಿಗೆ ಇನ್ನೂ ಕಡಿಮೆ. ಈ ಮೇರೆ ನಮಗರಿಯದೆ ಮೀರಿಹೋಗುವ ಬಗೆ ನೋಡಿ. ಒಬ್ಬರು ಬೆನ್ನುನೋವಿಗೆ ನಾನು ಹೇಳಿದ ಸಂಯುಕ್ತ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ನುಂಗುತ್ತಾರೆನ್ನೋಣ. ಅದರಿಂದ 975 ಮಿಲಿಗ್ರಾಂ. ನಡುವೆ ಜ್ವರ ಬಂತು. 650 ಮಿಲಿಗ್ರಾಮಿನ ಜ್ವರದ ಮಾತ್ರೆ ನಾಲ್ಕು ಬಾರಿ, ಅಂದರೆ 2600. ಜೊತೆಗೆ ನೆಗಡಿ, 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ನೆಗಡಿ ಮಾತ್ರೆ ಮೂರು ಬಾರಿ, ಅಂದರೆ 1500. ಒಟ್ಟು 5075 ಮಿಲಿಗ್ರಾಂ! ಮೂರು ಮಾತ್ರೆಗಳಿಗೆ ಮೂರು ಹೆಸರು, ಮೂರು ಬಣ್ಣ. ಪ್ರತಿಯೊಂದನ್ನೂ ಮಿತವಾಗಿಯೇ ತೆಗೆದುಕೊಂಡೆನೆಂಬ ಸಮಾಧಾನ ರೋಗಿಗೆ. ಯಕೃತ್ತಿಗೆ ಮಾತ್ರ ಹೆಸರು, ಬಣ್ಣಗಳ ಭೇದವಿಲ್ಲ. ಅದು ಒಟ್ಟು ಮೊತ್ತವನ್ನೇ ಅನುಭವಿಸಬೇಕು.

ಈ ವಿಷಬಾಧೆಯ ಮೋಸಗಾರ ಲಕ್ಷಣವೆಂದರೆ ಮೊದಲ ದಿನ ಬರಿಯ ವಾಕರಿಕೆಯಿದ್ದು, ಕೆಲವೊಮ್ಮೆ ಅದೂ ಇರದೆ, ಯಕೃತ್ತಿನ ಹಾನಿ ಎರಡು ಮೂರು ದಿನಗಳ ಮೇಲೆ ತಲೆದೋರುವುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವುಂಟು. ಎಂಟು ಗಂಟೆಗಳೊಳಗೆ ಕೊಟ್ಟರೆ ಅದರ ಫಲ ಅತ್ಯುತ್ತಮ. ಆದುದರಿಂದ ಪ್ರಮಾಣ ಮೀರಿತೆಂದು ಗೊತ್ತಾದೊಡನೆ, ‘ಏನೂ ಆಗಿಲ್ಲವಲ್ಲ’ ಎಂದು ಕಾಯದೆ, ಮಾತ್ರೆಯ ಪಟ್ಟಿಯೊಡನೆ ಆಸ್ಪತ್ರೆಗೆ ಧಾವಿಸಬೇಕು.

ಈಗ ಈ ಮಾತ್ರೆ ಯಾರಿಗೆ ಸಲ್ಲದು ಎಂಬುದನ್ನು ನೋಡೋಣ. ಜಠರದ ಹುಣ್ಣು, ಯಕೃತ್ತಿನ ಅಥವಾ ಮೂತ್ರಪಿಂಡದ ರೋಗ, ಹೃದಯರೋಗ ಇರುವವರು, ಆಸ್ಪಿರಿನ್‌ನಿಂದ ಉಬ್ಬಸ ಕೆರಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಲ್ಲಿ ರಕ್ತಸ್ರಾವದ ಭಯವಿದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆಗಳ ಜೊತೆ ಈ ನೋವು ನಿವಾರಕ ಕೂಡಿದರೆ ಮೂತ್ರಪಿಂಡಗಳಿಗೆ ಪೆಟ್ಟು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಸ್ವಂತ ನಿರ್ಧಾರದಿಂದ ಸೇವಿಸಲಾಗದು. ಮಕ್ಕಳಿಗೆ ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧ ಕೊಡುವ ಅಭ್ಯಾಸವಂತೂ ಕೂಡದು.

ವೈದ್ಯರು ಬರೆದುಕೊಟ್ಟಿದ್ದರೆ ಊಟ ಅಥವಾ ತಿಂಡಿಯ ಬಳಿಕ, ತುಂಬಿದ ಲೋಟ ನೀರಿನೊಡನೆ ಸೇವಿಸಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಜೊತೆಯಲ್ಲಿ ಬೇರೊಂದು ನೋವಿನ ಮಾತ್ರೆ ಬೇಡ. ಹೇಳಿದ ದಿನಗಳು ಮುಗಿದೊಡನೆ ನಿಲ್ಲಿಸಿ. ಸಾಮಾನ್ಯವಾಗಿ ಇದು ಕೆಲವೇ ದಿನಗಳ ಔಷಧ. ಥಯೋಕಾಲ್ಚಿಕೋಸೈಡ್ ದೇಹದಲ್ಲಿ ವಿಭಜನೆಗೊಂಡಾಗ ಹುಟ್ಟುವ ಒಂದು ವಸ್ತು ಜೀವಕೋಶಗಳ ವರ್ಣತಂತುಗಳಿಗೆ ಹಾನಿ ಮಾಡಬಹುದೆಂದು ಕಂಡುಬಂದುದರಿಂದ, ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಅದನ್ನು ಬಾಯಿಯ ಮೂಲಕ ಏಳು ದಿನಗಳಿಗಿಂತ ಹೆಚ್ಚು ಕೊಡಬಾರದೆಂದೂ, ಗರ್ಭಿಣಿಯರಿಗೂ 16 ವರ್ಷದೊಳಗಿನವರಿಗೂ ಸಲ್ಲದೆಂದೂ ಸೂಚಿಸಿತು. ಅದೇ ಪಟ್ಟಿಯನ್ನು ತಿಂಗಳುಗಟ್ಟಲೆ ಕೊಂಡು ತರುವವರು ಇದನ್ನು ನೆನಪಿಡಬೇಕು.

ಇಲ್ಲಿ ಇನ್ನೊಂದು ಮುಖ್ಯ ಎಚ್ಚರಿಕೆಯುಂಟು. ಸ್ನಾಯು ನೋವೆಂದು ತೋರುವುದೆಲ್ಲ ಸ್ನಾಯು ನೋವಲ್ಲ. ಎದೆಯಿಂದ ಎಡತೋಳು, ಬೆನ್ನು, ದವಡೆಗೆ ಹರಿಯುವ ನೋವು, ಜೊತೆಗೆ ಬೆವರು, ಏದುಸಿರು ಇದ್ದರೆ ಅದು ಹೃದಯಾಘಾತವಾಗಿರಬಹುದು. ಮಾತ್ರೆ ನುಂಗಿ ಮಲಗುವ ಸಮಯ ಅದಲ್ಲ. ಸೊಂಟನೋವಿನೊಡನೆ ಕಾಲಿನ ಬಲ ಕುಂದಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ನಮ್ಮ ನಗರಗಳಲ್ಲೆಲ್ಲ ಡೆಂಗಿ ಜ್ವರ ಹರಡುತ್ತದೆ. ಅದರಲ್ಲಿ ಮೈಕೈ ನೋವು ಎಲುಬು ಮುರಿದಂತೆ ಇರುತ್ತದೆ. ಮನೆಯಲ್ಲಿ ಉಳಿದಿರುವ ಸೊಂಟನೋವಿನ ಮಾತ್ರೆಯ ನೆನಪಾಗುವುದು ಆಗಲೇ. ಆದರೆ ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳು ಕುಗ್ಗಿರುತ್ತವೆ; ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗಳು ರಕ್ತಸ್ರಾವವನ್ನು ಪ್ರಚೋದಿಸಬಹುದು. ಜ್ವರವಿರುವಾಗ ರಕ್ತಪರೀಕ್ಷೆಯಾಗುವವರೆಗೆ ಮಿತಪ್ರಮಾಣದ ಪ್ಯಾರಾಸಿಟಮಾಲ್ ಒಂದೇ ಕ್ಷೇಮ.

ಇನ್ನು ಕರ್ನಾಟಕದಿಂದ ದೂರ ನೆಲೆಸಿರುವ ನಮಗೆ ವಿಶೇಷವಾಗಿ ಅನ್ವಯಿಸುವ ಮಾತು. ಇಲ್ಲಿಯ ವೈದ್ಯರೊಡನೆ ಮರಾಠಿ, ಹಿಂದಿ, ತಮಿಳು ಇಲ್ಲವೆ ತೆಲುಗಿನಲ್ಲಿ ವ್ಯವಹರಿಸಬೇಕು. ಊರಿನಿಂದ ಬಂದ ವೃದ್ಧ ತಂದೆತಾಯಿಗಳಿಗೆ ಆ ಭಾಷೆ ಬಾರದು. ಅವರು ಊರಿನ ವೈದ್ಯರು ಕೊಟ್ಟ ಮಾತ್ರೆಗಳನ್ನು ಕೈಚೀಲದಲ್ಲಿ ತಂದಿರುತ್ತಾರೆ. ಇಲ್ಲಿಯ ವೈದ್ಯರು ಬೇರೆ ಹೆಸರಿನಲ್ಲಿ ಅದೇ ಔಷಧವನ್ನು ಬರೆಯುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತವೆ! ಇದಕ್ಕೆ ಸುಲಭ ಪರಿಹಾರವುಂಟು. ಒಂದು ಚಿಕ್ಕ ಪುಸ್ತಕದಲ್ಲಿ, ಮನೆಯ ಪ್ರತಿಯೊಬ್ಬರೂ ಸೇವಿಸುವ ಔಷಧಗಳನ್ನು ಕಂಪನಿ ಇಟ್ಟ ಹೆಸರಿನಿಂದಲ್ಲದೆ ಒಳಗಿರುವ ಔಷಧದ ಹೆಸರು ಹಾಗೂ ಮಿಲಿಗ್ರಾಂ ಸಮೇತ ಬರೆದಿಡಿ. ಹಿರಿಯರು ಓದುವಂತೆ ಕನ್ನಡದಲ್ಲಿಯೂ ಬರೆಯಿರಿ. ವೈದ್ಯರನ್ನು ಕಾಣುವಾಗ ಆ ಪುಸ್ತಕವನ್ನೂ ಮಾತ್ರೆಗಳ ಪಟ್ಟಿಗಳನ್ನೂ ಮೇಜಿನ ಮೇಲಿಡಿ. ಅಲ್ಲಿ ಭಾಷೆಯ ತೊಡಕು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧವೆಂದು ತಿಳಿಯಿರಿ. ಸಂಯುಕ್ತ ಔಷಧಗಳೆಲ್ಲವೂ ಸಮರ್ಥನೀಯವಲ್ಲ ಎಂಬುದನ್ನೂ ಮರೆಯಬಾರದು. ಕೇಂದ್ರ ಸರ್ಕಾರವು 2024ರ ಆಗಸ್ಟ್‌ನಲ್ಲಿ 156 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ಅಸಿಕ್ಲೋಫೆನಾಕ್ 50 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 125 ಮಿಲಿಗ್ರಾಂ ಕೂಡಿದ ಮಾತ್ರೆಯೂ ಆ ಪಟ್ಟಿಯಲ್ಲಿತ್ತು. ಕಪಾಟಿನಲ್ಲಿ ಹಳೆಯ ಮಾತ್ರೆಗಳನ್ನು ಕೂಡಿಡುವುದು ಸರಿಯಲ್ಲವೆಂಬುದಕ್ಕೆ ಇದೂ ಒಂದು ಕಾರಣ.

ಮಾತ್ರೆ ಸೇವಿಸುತ್ತಿರುವಾಗ ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೈಮೇಲೆ ದದ್ದು ಎದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ. ಕ್ಲೋರ್‌ಜಾಕ್ಸಜೋನ್ ಸೇವನೆಯಿಂದ ಕೆಲವರ ಮೂತ್ರ ಕಿತ್ತಳೆ ಅಥವಾ ಕೆನ್ನೇರಳೆ ಬಣ್ಣಕ್ಕೆ ತಿರುಗುವುದುಂಟು, ಅಷ್ಟರಿಂದಲೇ ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾಗಿ, ಹಸಿವು ಅಡಗಿ, ಮೂತ್ರ ಗಾಢವಾದರೆ ಅದು ಯಕೃತ್ತಿನ ಕೂಗು. ಔಷಧಗಳ ದುಷ್ಪರಿಣಾಮಗಳನ್ನು ತಿಳಿಸಲು ಭಾರತ ಸರ್ಕಾರವು 2010ರಲ್ಲಿ ಔಷಧ ಜಾಗೃತಿ ಕಾರ್ಯಕ್ರಮವನ್ನು ಆರಂಭಿಸಿದೆ. ರೋಗಿಗಳು ತಾವೇ 1800-180-3024 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ತಿಳಿಸಬಹುದು.

ಬಂಧುಗಳೇ, ಹೊಸದಾಗಿ ಬಂದ ಸಾಮಾನ್ಯ ಬೆನ್ನುನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಸಿಗೆ ಹಿಡಿಯದೆ ಮೆಲ್ಲನೆ ಓಡಾಡುವುದು, ಬಿಸಿನೀರಿನ ಶಾಖ, ವೈದ್ಯರು ಹೇಳಿಕೊಟ್ಟ ವ್ಯಾಯಾಮ, ಭಾರ ಎತ್ತುವಾಗ ಸೊಂಟವನ್ನು ಬಗ್ಗಿಸದೆ ಮೊಣಕಾಲುಗಳನ್ನು ಮಡಿಸುವುದು ಇವು ನಿಜವಾದ ಚಿಕಿತ್ಸೆ. ಮಾತ್ರೆ ಆ ಕೆಲವು ದಿನಗಳನ್ನು ದಾಟಿಸುವ ಊರುಗೋಲು. ನಡೆಯಲು ಬಂದ ಮೇಲೂ ಊರುಗೋಲನ್ನು ಬಿಡದಿರುವುದು ವಿವೇಕವಲ್ಲ. ಇಂದು ಮನೆಗೆ ಹೋದೊಡನೆ ನಿಮ್ಮ ಔಷಧದ ಡಬ್ಬಿಯನ್ನು ತೆರೆದು, ಪ್ರತಿಯೊಂದು ಪಟ್ಟಿಯ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ, ಒಂದೇ ಔಷಧ ಎಷ್ಟು ಹೆಸರುಗಳಲ್ಲಿ ಅಲ್ಲಿ ಕುಳಿತಿದೆಯೆಂದು ಎಣಿಸಿ ನೋಡಬೇಕೆಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.