ಬಡ್ಡಿಯಿಲ್ಲದ ಕಾರ್ಡು, ಹೆಸರಿಲ್ಲದ ವರದಕ್ಷಿಣೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ವರದಕ್ಷಿಣೆಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ನಮ್ಮ ಸಂಘದ ಲೆಕ್ಕ ಬರೆಯುವವಳು. ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ಸಂಘದಲ್ಲಿ ಎಲ್ಲರ ಜೊತೆ ಕೈ ಎತ್ತಿ ಪ್ರತಿಜ್ಞೆ ಮಾಡಿದವಳು. ಆದರೂ ನಾನು ವರದಕ್ಷಿಣೆ ಕೊಟ್ಟೆ. ಕೊಡುತ್ತಿದ್ದೇನೆ ಎಂದು ನನಗೇ ಗೊತ್ತಾಗದ ಹಾಗೆ ಒಂದೂವರೆ ವರ್ಷ ಕೊಟ್ಟೆ. ಹೇಳಲು ನಾಚಿಕೆಯಾಗುತ್ತದೆ. ಮುಚ್ಚಿಟ್ಟರೆ ಇನ್ನೊಬ್ಬ ತಾಯಿ ಇದೇ ಹಳ್ಳಕ್ಕೆ ಬೀಳುತ್ತಾಳೆ, ಅದಕ್ಕೇ ಹೇಳುತ್ತಿದ್ದೇನೆ.

ಮಗಳ ಮದುವೆಯಲ್ಲಿ ಬೀಗರು ಏನನ್ನೂ ಕೇಳಲಿಲ್ಲ. "ನಮಗೆ ಹುಡುಗಿ ಸಾಕು" ಎಂದರು. ಊರಿನವರೆಲ್ಲ ಹೊಗಳಿದರು. ನಾಲ್ಕು ತಿಂಗಳು ಕಳೆದ ಮೇಲೆ ಅಳಿಯ ಬಂದ. "ಅತ್ತೆ, ನಿಮ್ಮ ಹತ್ತಿರ ಬ್ಯಾಂಕಿನ ಕ್ರೆಡಿಟ್ ಕಾರ್ಡು ಇದೆಯಲ್ಲ, ಅದರ ಮೇಲೆ ಮಗಳ ಹೆಸರಿಗೆ ಇನ್ನೊಂದು ಕಾರ್ಡು ಮಾಡಿಸಿ. ಬಡ್ಡಿ ಇಲ್ಲ, ಫೀಸೂ ಇಲ್ಲ. ದುಡ್ಡು ನಾವೇ ಕಟ್ಟುತ್ತೇವೆ" ಎಂದ. ಬ್ಯಾಂಕಿನಲ್ಲಿ ಕೇಳಿದರೆ ಅವರೂ "ಹೌದು ಮೇಡಂ, ಹೆಚ್ಚುವರಿ ಕಾರ್ಡು ಉಚಿತ" ಎಂದರು. ಮಗಳ ಆಧಾರ್, ಒಂದು ಫೋಟೋ, ನನ್ನ ಒಂದು ಸಹಿ. ಅಷ್ಟೇ. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನದ ಮೊರದ ಜೊತೆ ಆ ಕಾರ್ಡನ್ನೂ ಮಗಳ ಕೈಗಿಟ್ಟೆ.

ಈಗ ಆ ಕಾರ್ಡು ಎಂದರೇನು ಎಂದು ನೋಡೋಣ. ನಾನು ಸಹಿ ಹಾಕುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಇದು.

ಹೆಚ್ಚುವರಿ ಕಾರ್ಡು ಎಂದರೆ ಹೆಚ್ಚುವರಿ ಹಣವಲ್ಲ. ನನ್ನ ಕಾರ್ಡಿಗೆ ಎಷ್ಟು ಮಿತಿ ಇದೆಯೋ ಅದರೊಳಗೇ ಅದೂ ಖರ್ಚು ಮಾಡುತ್ತದೆ. ಕಾರ್ಡಿನ ಮೇಲೆ ಮಗಳ ಹೆಸರು, ಸಾಲ ಮಾತ್ರ ನನ್ನದು. ೨೦೨೨ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿಯಮದಲ್ಲೇ ಇದು ಸ್ಪಷ್ಟವಾಗಿದೆ: ಹೆಚ್ಚುವರಿ ಕಾರ್ಡಿನ ಬಾಕಿಗೆ ಮೂಲ ಕಾರ್ಡುದಾರರೇ ಹೊಣೆ. "ನಾವು ಕಟ್ಟುತ್ತೇವೆ" ಎಂದು ಅಳಿಯ ಹೇಳಿದ ಮಾತಿಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ.

ಇನ್ನು 'ಬಡ್ಡಿಯಿಲ್ಲ' ಎಂಬ ಮಾತು. ಅದು ಸುಳ್ಳಲ್ಲ, ಅರ್ಧ ಸತ್ಯ. ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ, ಕಟ್ಟಲು ಸುಮಾರು ೨೦ ದಿನ ಗಡುವು. ಬಿಲ್ಲು ಬಂದ ಮರುದಿನ ಕೊಂಡ ವಸ್ತುವಿಗೆ ೫೦ ದಿನದ ತನಕ ಬಡ್ಡಿಯಿರುವುದಿಲ್ಲ, ಬಿಲ್ಲಿನ ಹಿಂದಿನ ದಿನ ಕೊಂಡದ್ದಕ್ಕೆ ೨೦ ದಿನ ಮಾತ್ರ. ಅದೂ ಪೂರ್ತಿ ಬಿಲ್ಲು ಕಟ್ಟಿದರೆ. ಬಾಕಿ ಉಳಿಸಿದರೆ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ. ಎಟಿಎಮ್ಮಿನಲ್ಲಿ ನಗದು ತೆಗೆದರಂತೂ ಒಂದು ದಿನದ ರಿಯಾಯಿತಿಯೂ ಇಲ್ಲ, ಮೇಲೆ ಶುಲ್ಕ ಬೇರೆ.

ಖರ್ಚು ಮಾಡಿದಾಗಲೆಲ್ಲ ನನ್ನ ಮೊಬೈಲಿಗೆ ಮೆಸೇಜು ಬರುತ್ತಿತ್ತು. ಪೆಟ್ರೋಲ್ ಬಂಕು, ಮೊಬೈಲ್ ಅಂಗಡಿ, ಬಾರ್ ಅಂಡ್ ರೆಸ್ಟೋರೆಂಟು, ಬೈಕಿನ ಶೋರೂಮು. ನನ್ನ ಮಗಳು ಕೊಳ್ಳುವಂಥ ಒಂದು ವಸ್ತುವೂ ಅದರಲ್ಲಿ ಇರಲಿಲ್ಲ. ಕಾರ್ಡು ಅವಳ ಹೆಸರಿನದು, ಆದರೆ ಕಾರ್ಡೂ ಗುಟ್ಟಿನ ಸಂಖ್ಯೆಯೂ ಗಂಡನ ಜೇಬಿನಲ್ಲಿ. ಅದು ನನಗೆ ಅರ್ಥವಾಗಲಿಲ್ಲವೆ? ಆಯಿತು. ಆದರೂ "ಮಗಳು ಸುಖವಾಗಿರಲಿ" ಎಂದು ಸುಮ್ಮನಿದ್ದೆ. ಎರಡು ತಿಂಗಳು ಅವರು ಕಟ್ಟಿದರು. ಆಮೇಲೆ ನಿಲ್ಲಿಸಿದರು.

ಒಮ್ಮೆ ೪೦,೦೦೦ ರೂಪಾಯಿ ಬಾಕಿ ಬಂತು. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ ೨,೦೦೦' ಎಂದಿತ್ತು. ಅಷ್ಟು ಕಟ್ಟಿದರೆ ಸಾಕು ಎಂದುಕೊಂಡೆ. ನಮ್ಮ ಸಂಘದ ಲೆಕ್ಕ ಬರೆಯುವ ನಾನು ನನ್ನದೇ ಲೆಕ್ಕ ಹಾಕಿ ನೋಡಲಿಲ್ಲ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಎಂದರೆ ೪೦,೦೦೦ಕ್ಕೆ ೧,೪೦೦. ಆ ಬಡ್ಡಿಯ ಮೇಲೆ ಸರ್ಕಾರದ ತೆರಿಗೆ ನೂರಕ್ಕೆ ೧೮, ಅದು ೨೫೨. ಒಟ್ಟು ೧,೬೫೨. ನಾನು ಕಟ್ಟಿದ ಎರಡು ಸಾವಿರದಲ್ಲಿ ಸಾಲ ಇಳಿದದ್ದು ಸುಮಾರು ಮುನ್ನೂರೈವತ್ತು ರೂಪಾಯಿ! ವರ್ಷಕ್ಕೆ ನೂರಕ್ಕೆ ೪೨ ಬಡ್ಡಿ. ನಮ್ಮ ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಹೆಚ್ಚಾಯಿತೆಂದು ಜಗಳವಾಡುವವರು ನಾವು. ೨೦೦೮ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವರ್ಷಕ್ಕೆ ನೂರಕ್ಕೆ ೩೦ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯ ಎಂದಿತ್ತು. ೨೦೨೪ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಆ ರಕ್ಷಣೆಯೂ ಈಗ ನಮಗಿಲ್ಲ.

ಕಡೆಗೊಂದು ದಿನ ಕಾರ್ಡನ್ನು ನಿಲ್ಲಿಸಲು ಬ್ಯಾಂಕಿಗೆ ಹೇಳಿದೆ. ನನ್ನ ದೊಡ್ಡ ತಪ್ಪು ಇಲ್ಲಿದೆ. ಮಗಳಿಗೆ ಒಂದು ಮಾತು ತಿಳಿಸಲಿಲ್ಲ. ಅಳಿಯ ಪೆಟ್ರೋಲ್ ಬಂಕಿನಲ್ಲಿ ಕಾರ್ಡು ಕೊಟ್ಟಾಗ ಅದು ನಡೆಯಲಿಲ್ಲ. ನಾಲ್ಕು ಜನರ ಮುಂದೆ ಅವಮಾನವಾಯಿತಂತೆ. ಆ ರಾತ್ರಿ ಅವಳಿಗೆ ಹೊಡೆದ. ಬೆಳಿಗ್ಗೆ ಅವಳು ಮನೆಗೆ ಬಂದಾಗ ಎಡಗಣ್ಣು ತೆರೆಯಲು ಆಗುತ್ತಿರಲಿಲ್ಲ. ಹೊಡೆತ ಅದೇ ಮೊದಲಲ್ಲ ಎಂದು ಆಗ ಹೇಳಿದಳು. ನಾನು ಕಟ್ಟಿದ ಒಂದೊಂದು ಕಂತೂ ಅವಳ ಸುಖಕ್ಕಲ್ಲ, ಅವಳ ಮೌನಕ್ಕೆ ಹೋಗಿತ್ತು.

ನಮ್ಮ ಸಂಘದ ಹೆಣ್ಣುಮಕ್ಕಳು ಅಂದೇ ಜೊತೆಗೆ ಬಂದರು. ಮೊದಲು ಆಸ್ಪತ್ರೆಗೆ, ಆಮೇಲೆ ಪೊಲೀಸ್ ಠಾಣೆಗೆ. ಠಾಣೆಯಲ್ಲಿ ಒಬ್ಬರು "ಕಾರ್ಡು ಕೊಟ್ಟದ್ದು ವರದಕ್ಷಿಣೆ ಹೇಗಮ್ಮ ಆಗುತ್ತದೆ?" ಎಂದರು. ಆಗುತ್ತದೆ. ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆ ಮದುವೆಯ ಮುಂಚೆ, ಮದುವೆಯಲ್ಲಿ, ಮದುವೆಯಾದ ಮೇಲೆ ಯಾವಾಗಲಾದರೂ ಮದುವೆಯ ಸಂಬಂಧವಾಗಿ ನೇರವಾಗಿ ಅಥವಾ ಪರೋಕ್ಷವಾಗಿ ಕೊಟ್ಟ ಸ್ವತ್ತನ್ನು ವರದಕ್ಷಿಣೆ ಎನ್ನುತ್ತದೆ. "ಕೊಟ್ಟ ನಮಗೂ ಶಿಕ್ಷೆಯಾದೀತು" ಎಂದು ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. ಅನ್ಯಾಯಕ್ಕೊಳಗಾದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯಿದೆಯ ೭ನೇ ಕಲಮಿನಲ್ಲಿದೆ. ಹಣಕ್ಕಾಗಿ ಹಿಂಸಿಸುವುದು ಹಳೆಯ ೪೯೮-ಎ ಕಲಮಿನ ಅಪರಾಧವಾಗಿತ್ತು. ೨೦೨೪ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ ೮೫ ಮತ್ತು ೮೬ನೇ ಕಲಮುಗಳಲ್ಲಿದೆ. ೨೦೦೫ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಆರ್ಥಿಕ ಹಿಂಸೆಯೂ ದೌರ್ಜನ್ಯವೇ.

ನನ್ನ ಫೋನಿನ ಮೆಸೇಜುಗಳು, ಬ್ಯಾಂಕಿನ ಬಿಲ್ಲುಗಳು ಈಗ ನಮ್ಮ ಸಾಕ್ಷಿ. ಹಿಂದೆ ಚಿನ್ನ, ನಗದು ಕೊಟ್ಟವರ ಕೈಯಲ್ಲಿ ಇಷ್ಟು ಲಿಖಿತ ಪುರಾವೆ ಇರುತ್ತಿರಲಿಲ್ಲ. ಅದಕ್ಕೇ ಯಾವುದನ್ನೂ ಅಳಿಸಬೇಡಿ.

ನಿಮಗೆ ನಾನು ಹೇಳುವುದಿಷ್ಟು. ಬೀಗರ ಕಡೆಯಿಂದ ಕಾರ್ಡು, ಸಾಲ, ಜಾಮೀನು, ಯಾವ ಹೆಸರಿನಲ್ಲಿ ಬೇಡಿಕೆ ಬಂದರೂ ಸಹಿ ಹಾಕುವ ಮೊದಲು ವಾರದ ಸಭೆಯಲ್ಲಿ ಹೇಳಿ. ಈಗಾಗಲೇ ಕೊಟ್ಟಿದ್ದರೆ, ಕಾರ್ಡು ನಿಲ್ಲಿಸುವ ಮೊದಲು ಮಗಳ ಜೊತೆ ಗುಟ್ಟಾಗಿ ಮಾತಾಡಿ, ಅವಳು ಸುರಕ್ಷಿತವಾಗಿ ಇರುವಂತೆ ನೋಡಿಕೊಳ್ಳಿ. ತುರ್ತಿಗೆ ಮಹಿಳಾ ಸಹಾಯವಾಣಿ ೧೮೧ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಸಂರಕ್ಷಣಾಧಿಕಾರಿ. ಕಾರ್ಡನ್ನು ರದ್ದು ಮಾಡಲು ಬರಹದಲ್ಲಿ ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ರದ್ದು ಮಾಡಬೇಕು, ತಡವಾದರೆ ದಿನಕ್ಕೆ ೫೦೦ ರೂಪಾಯಿ ನಿಮಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಸಂಘದಿಂದ ಸಾಲ ಪಡೆದು ಆ ಬಾಕಿಯನ್ನು ತೀರಿಸಿದೆ. ಈಗ ತಿಂಗಳ ಕಂತು ಕಟ್ಟುತ್ತಿದ್ದೇನೆ. ಮಗಳು ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ, ಅವಳ ಹೆಸರಿನಲ್ಲೇ ಒಂದು ಉಳಿತಾಯ ಖಾತೆ ತೆರೆದಿದ್ದಾಳೆ. ಅದರ ಗುಟ್ಟಿನ ಸಂಖ್ಯೆಯನ್ನು ನಾನೂ ಕೇಳಿಲ್ಲ. ಮೊಕದ್ದಮೆ ನಡೆಯುತ್ತಿದೆ. ಮುಂದಿನ ಗೌರಿ ಹಬ್ಬಕ್ಕೆ ನಿಮ್ಮಲ್ಲಿ ಯಾರ ಬಾಗಿನದ ಮೊರದಲ್ಲೂ ಅಂಥ ಕಾರ್ಡು ಇರಬಾರದು, ಅಷ್ಟನ್ನು ನೋಡಿಕೊಳ್ಳಿ.