ಔಷಧ ಬದಲಿಸೋಣ ಎಂದಾಗ

ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ ಎಂದು ತಿಳಿದ ಮನೆಯಲ್ಲಿ ಕೀಮೋಗಿಂತ ಭಾರವಾದದ್ದು ಸ್ಕ್ಯಾನ್ ವರದಿಗೆ ಕಾಯುವ ಹೊತ್ತು. ಫೋನ್ ಸದ್ದಾದರೂ ಎದೆ ಝಲ್ಲೆನ್ನುತ್ತದೆ.

ಆಗ ವೈದ್ಯರು 'ಔಷಧ ಬದಲಿಸೋಣ' ಅನ್ನುತ್ತಾರೆ. ಹೆದರಿದ ಕಿವಿಗೆ ಅದು 'ಇನ್ನೇನೂ ಉಳಿದಿಲ್ಲ' ಎಂದೇ ಕೇಳಿಸುತ್ತದೆ. ಆದರೆ ಈ ಕಾಯಿಲೆಯ ಚಿಕಿತ್ಸೆ ನಡೆಯುವುದೇ ಹಾಗೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧದಿಂದ ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲಾಗದಿದ್ದರೆ, ಗಡ್ಡೆ ಹತೋಟಿಯಲ್ಲಿದ್ದರೂ ಅದೊಂದನ್ನು ನಿಲ್ಲಿಸುತ್ತಾರೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದಿದ್ದ ಯಕೃತ್ತಿನ ಗಡ್ಡೆ ಕೀಮೋಗೆ ಕುಗ್ಗಿ, ಕೆಲವರಿಗೆ ಆ ದಾರಿ ತೆರೆದುಕೊಳ್ಳುವುದೂ ಉಂಟು.

ಬ್ರಿಟನ್ನಿನ ಶಿಕ್ಷಕಿ ಡೆಬೊರಾ ಜೇಮ್ಸ್‌ಗೆ ಕರುಳಿನ ಕ್ಯಾನ್ಸರ್ ಪತ್ತೆಯಾದದ್ದು 2016ರಲ್ಲಿ. ಚಿಕಿತ್ಸೆ ಬದಲಾಗುತ್ತಲೇ 2022ರವರೆಗೆ ಬದುಕಿದರು. ತಮ್ಮ ಹೆದರಿಕೆಯನ್ನೂ ಮುಚ್ಚಿಡದೆ ಮಾತಾಡಿದರು.

'ಧೈರ್ಯವಾಗಿರು' ಎನ್ನುವ ನೆಂಟರ ಮಾತು ನನಗಂತೂ ಹಿಡಿಸುವುದಿಲ್ಲ. ಹೆದರಿದವರನ್ನು ಹೆದರಲು ಬಿಡಿ. ಜೊತೆಗೆ ಆಸ್ಪತ್ರೆಗೆ ಹೋಗಿ, ಕೇಳಿ ಬರೆದುಕೊಳ್ಳಿ: ಬದಲಾವಣೆ ಏಕೆ, ಹೊಸ ಔಷಧದಿಂದ ಏನು ನಿರೀಕ್ಷೆ, ಮುಂದಿನ ಸ್ಕ್ಯಾನ್ ಯಾವಾಗ? ನೋವು, ನಿದ್ದೆಗೇಡು, ದಿಗಿಲುಗಳಿಗೆ ಉಪಶಾಮಕ ಚಿಕಿತ್ಸೆಯನ್ನೂ ಈಗಲೇ ಕೇಳಿ. ಅದು ಕೊನೆಯ ದಿನಗಳಿಗಷ್ಟೇ ಮೀಸಲಲ್ಲ. ಕೀಮೋ ಜೊತೆಜೊತೆಗೇ ನಡೆಯುತ್ತದೆ.