ಹಬ್ಬದ ಅಡಿಗೆ ಬಿತ್ತಿಗೆ ದಿನವೇ ಶುರು
(ಎಳ್ಳ ಅಮಾವಾಸ್ಯೆಯ ಚರಗದ ಬುತ್ತಿ ಕುರಿತು ಸ್ವಸಹಾಯ ಸಂಘಗಳ ಸಭೆಯಲ್ಲಿ ಕೊರ್ಲಹಳ್ಳಿಯ ಸದಸ್ಯೆಯರು ಆಡಿದ ಮಾತುಗಳು)



ನಾವು ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯವರು. ನಮ್ಮ ಊರು ತುಂಗಭದ್ರಾ ಹೊಳಿ ದಂಡಿಯ ಮೇಲೆ ಇದೆ. ಹೀಗೆ ನಾಲ್ಕು ಮಂದಿ ಮುಂದೆ ನಿಂತು ಮಾತಾಡುವ ರೂಢಿ ನಮಗಿಲ್ಲ. ಹಬ್ಬದ ಅಡಿಗೆ ಬಗ್ಗೆ ಹೇಳ್ರಿ ಅಂದದ್ದಕ್ಕೆ ಸ್ವಲ್ಪ ಧೈರ್ಯ ಬಂತು. ಆದರೆ ನಾವು ಹೇಳೋದು ಬರೀ ಅಡಿಗೆ ಮಾತಲ್ಲ. ಅದರಾಗ ಸಾಲದ ಮಾತೂ ಐತಿ.

ಎಳ್ಳ ಅಮಾಸಿ ಅಂದರೆ ಈ ಭಾಗದ ಒಕ್ಕಲುತನದ ಮನೆಗಳಿಗೆ ದೊಡ್ಡ ಹಬ್ಬ. ಡಿಸೆಂಬರ್-ಜನವರಿಯಲ್ಲಿ ಬರತೈತಿ. ಎರಿ ಹೊಲದಾಗ ಹಿಂಗಾರಿ ಜೋಳ, ಕಡ್ಲಿ, ಕುಸುಬಿ ಹಸಿರಾಗಿ ನಿಂತಿರತಾವ. ಬುತ್ತಿ ಕಟ್ಟಿಕೊಂಡು ಮನಿ ಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಪೂಜೆ ಮಾಡಿ, ಎಡಿ ಹಿಡಿದು, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲತಾರ. ಭೂಮಿತಾಯಿ ಈಗ ಬಸಿರಿ, ಆಕಿಗೆ ಬಯಕೆ ಊಟ ಅಂತ ನಮ್ಮ ಹಿರಿಯರು ಹೇಳತಾರ. ಚೆಲ್ಲಿದ ಅನ್ನಕ್ಕೆ ಹಕ್ಕಿ ಬರತಾವ, ಬಂದ ಹಕ್ಕಿ ಬೆಳಿಯ ಹುಳಾನೂ ಹೆಕ್ಕತಾವ ಅಂತಾನೂ ಹೇಳತಾರ. ಆಮೇಲೆ ಎಲ್ಲರೂ ಸಾಲಾಗಿ ಕೂತು ಊಟ. ದಾರಿಯಾಗ ಹೋಗೋರನ್ನೂ ಕರೀಬೇಕು. ಹೊಲ ಇಲ್ಲದವರು, ಬೇರೆ ಜಾತಿ, ಬೇರೆ ಧರ್ಮದವರು ಅನ್ನೋ ಭೇದ ಆ ದಿನ ಇಲ್ಲ.

ಬುತ್ತಿಯಾಗ ಏನೇನು ಇರತೈತಿ? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಶೇಂಗಾ ಹೋಳಿಗಿ, ಎಳ್ಳು ಹೋಳಿಗಿ, ಕಡಬು, ಎಣ್ಣಿಗಾಯಿ ಬದನಿಕಾಯಿ, ಪುಂಡಿ ಪಲ್ಯ, ಹೆಸರುಕಾಳು ಪಲ್ಯ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಮೊಸರನ್ನ. ಬಾಯಾಗ ನೀರು ಬಂತಲ್ಲ? ಇನ್ನು ಸಾಲದ ಮಾತು ಕೇಳ್ರಿ.

ಕೆಲವು ವರ್ಷದ ಹಿಂದೆ ನಮ್ಮ ಸಂಘದ ವಾರದ ಸಭೆಯಲ್ಲಿ ಒಬ್ಬ ಸದಸ್ಯೆ ಹಬ್ಬದ ಸಾಲ ಕೇಳಿದಳು. ಏನಕ್ಕವ್ವಾ ಅಂದ್ವಿ. ‘ಎಣ್ಣಿ, ಶೇಂಗಾ, ಎಳ್ಳು, ಬ್ಯಾಳಿ ತರಬೇಕು’ ಅಂದಳು. ಬರಕೊಳ್ಳಾಕ ಠರಾವು ಪುಸ್ತಕ ತೆಗೆದವರು ಹಂಗೇ ಕೂತ್ವಿ. ಯಾಕಂದರೆ ಆಕಿಗೆ ಹೊಲ ಐತಿ. ಚರಗ ಚೆಲ್ಲೋದೂ ಅದೇ ಹೊಲಕ್ಕೆ! ಅವತ್ತು ಆಕಿಯನ್ನು ಯಾರೂ ನಗಲಿಲ್ಲ, ನಮ್ಮ ಎಲ್ಲರ ಮನಿ ಕಥಿನೂ ಅದೇ ಇತ್ತು. ಬುತ್ತಿಯ ಪದಾರ್ಥ ಒಂದೊಂದಾಗಿ ಹೇಳಿಕೊಂಡು ಹೋದ್ವಿ. ನಮ್ಮ ಹೊಲದ್ದು ಅಂತ ಹೇಳಲಿಕ್ಕೆ ಜೋಳ ಬಿಟ್ಟು ಬ್ಯಾರೆ ಉಳಿದಿರಲಿಲ್ಲ. ಕೆಲವರಿಗೆ ಅದೂ ಇರಲಿಲ್ಲ. ಭೂಮಿತಾಯಿಗೆ ಅಂಗಡಿಯಿಂದ ಉದ್ರಿ ತಂದು ಬಯಕೆ ಊಟ ಮಾಡಿಸತಿದ್ವಿ. ಆ ಉದ್ರಿ ತೀರೋದು ಯುಗಾದಿ ದಾಟಿದ ಮೇಲೆ.

ಹಿಂಗ್ಯಾಕ ಆತು? ಮೊದಲು ಹೊಲದಾಗ ಅಕ್ಕಡಿ ಸಾಲು ಇರತಿದ್ವು. ಮುಖ್ಯ ಬೆಳಿಯ ನಡುವೆ ಒಂದೊಂದು ಸಾಲು ತೊಗರಿ, ಹೆಸರು, ಎಳ್ಳು, ಗುರೆಳ್ಳು, ಪುಂಡಿ. ಹಿಂಗಾರಿ ಜೋಳದಾಗ ಕಡ್ಲಿ, ಅಗಸಿ, ಸುತ್ತಲೂ ಕುಸುಬಿ. ಕುಸುಬಿಯ ಮುಳ್ಳಿಗೆ ದನ ಒಳಗೆ ಬರತಿರಲಿಲ್ಲ, ಅದು ಬೇಲಿನೂ ಆತು, ಗಾಣಕ್ಕೆ ಹಾಕಿದರೆ ವರ್ಷದ ಎಣ್ಣಿನೂ ಆತು. ಆ ಸಾಲಿನ ಬೀಜ ಹೆಣ್ಣುಮಕ್ಕಳ ಕೈಯಾಗ ಇರತಿತ್ತು. ನೀರಾವರಿ ಬಂದ ಹೊಲದಾಗ ಗೋವಿನಜೋಳ ಬಂತು. 2002ರಲ್ಲಿ ಬಿಟಿ ಹತ್ತಿಗೆ ಸರ್ಕಾರದ ಅನುಮತಿ ಸಿಕ್ಕ ಮೇಲೆ ಆ ಬೀಜವೂ ಬಂತು. ರೊಕ್ಕ ಬಂದದ್ದು ಸುಳ್ಳಲ್ಲ. ಆದರೆ ಗೋವಿನಜೋಳಕ್ಕೆ ಕಳೆನಾಶಕ ಹೊಡೆದರೆ ಕಸದ ಜೋಡಿ ಪುಂಡಿ, ಹೆಸರು, ಎಲ್ಲಾ ಸಾಯತಾವ. ಅಕ್ಕಡಿ ಸಾಲಿಗೆ ಜಾಗ ಇಲ್ಲ. ಸಾಲು ಹೋದ ಮೇಲೆ ಬೀಜ ಹೋತು, ಬೀಜ ಹೋದ ಮೇಲೆ ಏನು ಬಿತ್ತಬೇಕು ಅನ್ನೋದರಾಗ ನಮ್ಮ ಮಾತೂ ಹೋತು.

ಅದಕ್ಕೆ ನಾವು ಅವತ್ತು ಒಂದು ಠರಾವು ಮಾಡಿದ್ವಿ. ಹೊಲ ಇದ್ದವರು ಮನಿಯಾಗ ಕೇಳಿ ನಾಲ್ಕು ಸಾಲು ಬಿಡಿಸಿಕೊಳ್ಳೋದು. ನಾಲ್ಕೇ ಸಾಲು. ‘ನಾಲ್ಕು ಸಾಲಿನಾಗ ಏನು ಬಂಗಾರ ಬೆಳೀತಿ?’ ಅಂತ ಗಂಡಸರು ನಕ್ಕರು. ನಗಲಿ ಅಂತ ಬಿತ್ತಿದ್ವಿ.

ಮೊದಲನೇ ವರ್ಷ ನಾವು ತಪ್ಪು ಮಾಡಿದ್ವಿ, ಅದನ್ನೂ ಹೇಳಬೇಕು. ಊರಿಗೆಲ್ಲ ಒಬ್ಬರದೇ ಹೊಲದಾಗ ಸಜ್ಜಿ ಹಾಕಿದ್ವಿ. ತೆನಿ ಬಂದಾಗ ಸುತ್ತಲಿನ ಗುಬ್ಬಿ, ಗಿಳಿ ಎಲ್ಲಾ ಅಲ್ಲೇ ಇಳಿದು ತೆನಿ ಖಾಲಿ ಮಾಡಿದವು. ಮರುವರ್ಷ ಹತ್ತಿರ ಹತ್ತಿರದ ಹೊಲದವರು ಕೂಡಿ ಒಂದೇ ವಾರದಾಗ ಬಿತ್ತಿದ್ವಿ. ಹಕ್ಕಿ ಪಾಲು ಎಲ್ಲರಿಗೂ ಹಂಚಿ ಹೋತು, ನಮ್ಮ ಪಾಲು ಉಳೀತು. ಇನ್ನೊಂದು, ಹಬ್ಬಕ್ಕೆ ಅಂತ ಸಜ್ಜಿ ಬಹಳ ಮುಂಚೆ ಬೀಸಿಸಿ ಇಟ್ಟಿದ್ವಿ, ಹಿಟ್ಟು ಕಹಿ ಆತು. ಸಜ್ಜಿಯಾಗ ಎಣ್ಣಿ ಅಂಶ ಹೆಚ್ಚು, ಹಿಟ್ಟು ತಡೆಯೋದಿಲ್ಲ. ಕಾಳು ಇಡಬೇಕು, ರೊಟ್ಟಿ ಬಡಿಯೋ ಮುಂದ ಬೀಸಿಸಬೇಕು. ಬಿಸಿನೀರು ಹಾಕಿ ನಾದಿ, ತೆಳ್ಳಗೆ ಬಡಿದು, ಮ್ಯಾಲೆ ಒದ್ದಿ ಕೈ ಸವರಿ ಎಳ್ಳು ಹಚ್ಚಿ ಬೇಯಿಸಿ, ಒಲಿ ಮಗ್ಗಲು ನಿಲ್ಲಿಸಿ ಖಡಕ್ ಮಾಡಿದರೆ ರೊಟ್ಟಿ ಬಹಳ ದಿನ ಕೆಡೋದಿಲ್ಲ. ಹಂಗಾಗಿ ಹಬ್ಬಕ್ಕೆ ವಾರದ ಮುಂಚೆಯೇ ಒಬ್ಬೊಬ್ಬರ ಮನಿಯಾಗ ಕೂಡಿ ಬಡಿಯತೀವಿ. ಒಬ್ಬಾಕಿಗೇ ಎಲ್ಲಾ ಭಾರ ಬೀಳೋದಿಲ್ಲ.

ಶೇಂಗಾ ಹೋಳಿಗಿಗೆ ಒಂದು ಸೇರು ಹುರಿದ ಶೇಂಗಾ ಪುಡಿಗೆ ಮುಕ್ಕಾಲು ಸೇರು ಬೆಲ್ಲ ಸಾಕು. ಹಿಂಡಿಗೆ ಗುರೆಳ್ಳು, ಅಗಸಿ ಬ್ಯಾರೆ ಬ್ಯಾರೆ ಹುರಿದು ಬಳ್ಳೊಳ್ಳಿ, ಒಣ ಮೆಣಸಿನಕಾಯಿ, ಉಪ್ಪು ಕೂಡಿಸಿ ಕುಟ್ಟಬೇಕು. ಒಂದು ಮಾತು ನೆನಪಿಡ್ರಿ: ಅಗಸಿ, ಕುಸುಬಿ ಕೈಗೆ ಬರೋದು ಬೇಸಿಗೆ ಹೊತ್ತಿಗೆ. ಅಂದರೆ ಈ ಅಮಾಸಿಯ ಹಿಂಡಿ ಹೋದ ವರ್ಷದ ಬೆಳಿಯದ್ದು. ಕಾಳು ಚೆನ್ನಾಗಿ ಒಣಗಿಸಿ, ಬೇವಿನ ಎಲಿ ಹಾಕಿ ಇಟ್ಟವರಿಗೆ ಮಾತ್ರ ಅದು ಸಿಗತೈತಿ. ಹಬ್ಬದ ಅಡಿಗೆ ಹಬ್ಬದ ದಿನ ಒಲಿ ಹಚ್ಚಿದಾಗ ಶುರು ಆಗೋದಲ್ಲ, ಬಿತ್ತಿಗೆ ದಿನ ಶುರು ಆಗತೈತಿ ಅಂತ ನಾವು ಹೇಳೋದು ಇದಕ್ಕೇ.

ಬೆಲ್ಲ, ಏಲಕ್ಕಿ, ಉಪ್ಪು ನಾವೂ ಅಂಗಡಿಯಿಂದಲೇ ತರತೀವಿ. ಎಲ್ಲಾನೂ ಮನಿಯಾಗೇ ಬೆಳೀಬೇಕು ಅನ್ನೋ ಹಟ ಇಲ್ಲ. ಬೆಳೆಯಬಹುದಾದದ್ದಕ್ಕೆ ಸಾಲ ಬ್ಯಾಡ, ಅಷ್ಟೇ.

ಹೊಲ ಇಲ್ಲದ ತಂಗಿಯರು ಏನು ಮಾಡಬೇಕು ಅಂತ ಕೇಳಬಹುದು. ನಮ್ಮ ಸಂಘದಾಗೂ ಅಂಥವರಿದ್ದಾರೆ. ಹಿತ್ತಲ ಬಚ್ಚಲ ನೀರಿಗೆ ಬದನಿ, ಮೆಣಸಿನಗಿಡ, ಪುಂಡಿ, ಅವರಿಬಳ್ಳಿ ಹಾಕಿದರು. ಅಕ್ಕಡಿ ಸಾಲು ಕೊಯ್ಯಲಿಕ್ಕೆ ಬಂದಾಗ ಕೂಲಿಯನ್ನು ಕಾಳಿನಾಗ ತಗೊಂಡರು. ಹಬ್ಬದ ಬುಟ್ಟಿಯಾಗ ಅವರ ಬದನಿಕಾಯಿ, ಇವರ ಎಳ್ಳು ಕೂಡಿದವು. ಈಗ ಅವರಲ್ಲಿ ಕೆಲವರು ಖಡಕ್ ರೊಟ್ಟಿ, ಹಿಂಡಿ ಮಾಡಿ ಮಾರಲಿಕ್ಕೂ ಹತ್ತಿದ್ದಾರೆ. ವಿಶ್ವಸಂಸ್ಥೆ 2023ನೇ ವರ್ಷವನ್ನು ಸಿರಿಧಾನ್ಯಗಳ ವರ್ಷ ಅಂತ ಆಚರಿಸಿದ ಮೇಲೆ ಪ್ಯಾಟಿ ಮಂದಿಗೂ ಸಜ್ಜಿ ನೆನಪಾಗೈತಿ. ಅದರಾಗ ಕಬ್ಬಿಣದ ಅಂಶ ಚಲೋ ಐತಿ, ರಕ್ತ ಕಡಿಮೆ ಇರೋ ನಮ್ಮ ಹೆಣ್ಣುಮಕ್ಕಳು ಮಾರೋದಕ್ಕಿಂತ ಮುಂಚೆ ತಾವು ತಿನ್ನಬೇಕು.

ಅಕ್ಕ-ತಂಗಿಯರೆ, ನಮ್ಮ ವಿನಂತಿ ಮೂರೇ:

1. ಮುಂಗಾರಿಗೆ ಮೊದಲು ಒಂದು ಸಭೆ ಬರೀ ಬೀಜದ ಬಗ್ಗೆ ಮಾಡ್ರಿ. ಯಾರ ಮನಿಯಾಗ ಯಾವ ಬೀಜ ಐತಿ ಅಂತ ಬರೆದುಕೊಳ್ರಿ. ಸಂಘದ ವಯಸ್ಸಾದವರನ್ನು ಮೊದಲು ಕೇಳ್ರಿ.

2. ಸಜ್ಜಿ, ಎಳ್ಳು, ಹೆಸರಿಗೆ ಮುಂಗಾರಿಯಲ್ಲಿ, ಕಡ್ಲಿ, ಕುಸುಬಿ, ಅಗಸಿಗೆ ಹಿಂಗಾರಿಯಲ್ಲಿ ನಾಲ್ಕು ಸಾಲು ಕೇಳಿ ಪಡೀರಿ. ಆ ಸಾಲಿಗೆ ಕಳೆನಾಶಕ ಬ್ಯಾಡ.

3. ಪಡೆದ ಬೀಜದ ಒಂದು ಹಿಡಿಗೆ ಎರಡು ಹಿಡಿ ಸಂಘಕ್ಕೆ ವಾಪಸ್ ಕೊಡ್ರಿ. ಉಳಿತಾಯ ಅಂದರೆ ರೊಕ್ಕ ಒಂದೇ ಅಲ್ಲ.

ಹೋದ ಎಳ್ಳ ಅಮಾಸಿಗೆ ನಮ್ಮ ಸಂಘದಾಗ ಹಬ್ಬದ ಸಾಲ ಕೇಳಿದವರು ಯಾರೂ ಇಲ್ಲ. ಮೊದಲು ಸಾಲ ಕೇಳಿದ್ದ ಸದಸ್ಯೆ ಈಗ ಅಗಸಿ ಬೀಜ ಕೊಡತಾಳ. ಆಕಿಯ ಗಂಡ ಈ ವರ್ಷ ತಾನಾಗೇ, ‘ನಿನ್ನ ಸಾಲು ಎಲ್ಲಿಂದ ಹಿಡೀಲಿ?’ ಅಂತ ಕೂರಿಗಿ ನಿಲ್ಲಿಸಿ ಕೇಳಿದನಂತ. ನಮಗೆ ಹೋಳಿಗಿಗಿಂತ ಆ ಮಾತೇ ರುಚಿ ಅನಿಸಿತು.

 ಬರೋ ಎಳ್ಳ ಅಮಾಸಿಗೆ ನಮ್ಮ ಹೊಲಕ್ಕೆ ಬರ್ರಿ, ಬುತ್ತಿ ಬಿಚ್ಚಿ ಕೂಡಿ ಉಣ್ಣೋಣ.